ಗೊತ್ತಿರುವ ಕಥೆಗೆ ನಾಲ್ಕು ಸಾಲು

ಫ್ಯಾನ್ ಫಿಕ್ಷನ್ ಓದುವ ರೂಢಿಯಿರುವವರು ಒಂದಲ್ಲ ಒಂದು ಸಲ ಕಂಡೇ ಇರುವ ಸಾಲೊಂದಿದೆ. ಶೀರ್ಷಿಕೆಯ ಕೆಳಗೆ, ಕಥೆಯ ಸಾರಾಂಶ ಇರಬೇಕಾದ ಜಾಗದಲ್ಲಿ, ‘ನನಗೆ ಸಾರಾಂಶ ಬರೆಯೋಕೆ ಬರಲ್ಲ, ಒಳಗೆ ಕಥೆ ಚೆನ್ನಾಗಿದೆ, ದಯವಿಟ್ಟು ಓದಿ’ ಎಂಬ ಅರ್ಥದ ಮಾತು. ಇಂಗ್ಲಿಷಿನಲ್ಲಿ ಬರೆಯುವವರು ಇದನ್ನು ಎಷ್ಟು ವರ್ಷಗಳಿಂದ, ಎಷ್ಟು ಬಗೆಯಲ್ಲಿ ಬರೆಯುತ್ತ ಬಂದಿದ್ದಾರೆಂದರೆ ಆ ಲೋಕದಲ್ಲಿ ಅದು ಎಲ್ಲರ ಬಾಯಿಗೂ ಬಂದ ಮಾತಾಗಿಹೋಗಿದೆ. ಅದನ್ನು ಕಂಡಾಗಲೆಲ್ಲ ನನಗೆ ಕಿರಿಕಿರಿಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಆ ಒಂದು ಸಾಲಿನ ಹಿಂದೆ ಯಾರೋ ತಿಂಗಳುಗಟ್ಟಲೆ ನಿದ್ದೆಗೆಟ್ಟು ಬರೆದ ನಲವತ್ತು ಸಾವಿರ ಪದಗಳಿರಬಹುದು. ಅಷ್ಟು ಬರೆಯಬಲ್ಲವರಿಗೆ ನಾಲ್ಕು ಸಾಲು ಬರೆಯಲು ಬಾರದು ಎಂದರೆ ನಂಬುವುದು ಹೇಗೆ? ಬರುತ್ತದೆ. ಆ ನಾಲ್ಕು ಸಾಲು ಮಾಡಬೇಕಾದ ಕೆಲಸ ಯಾವುದು ಎಂಬುದರಲ್ಲೇ ತಪ್ಪು ತಿಳಿವಳಿಕೆ ಇದೆ. ಸಾರಾಂಶವೆಂದರೆ ಕುತೂಹಲ ಕೆರಳಿಸಿ ಅರ್ಧಕ್ಕೆ ಬಾಯಿ ಮುಚ್ಚಿಕೊಳ್ಳುವ ಜಾಹೀರಾತು ಎಂದು ಅವರು ಭಾವಿಸಿದ್ದಾರೆ. ಬೇರೆ ಬಗೆಯ ಪುಸ್ತಕಗಳಿಗೆ ಅದು ಸರಿಹೋಗಬಹುದು. ಓದುಗರಿಗೆ ಪಾತ್ರಗಳೂ ಮೂಲಕಥೆಯೂ ಮೊದಲೇ ಕರತಲಾಮಲಕವಾಗಿರುವ ಈ ಪ್ರಕಾರಕ್ಕೆ ಹೊಂದುವುದಿಲ್ಲ. ಬಚ್ಚಿಟ್ಟಷ್ಟೂ ಇಲ್ಲಿನ ಸಾರಾಂಶ ಸಪ್ಪೆಯಾಗುತ್ತದೆ, ಬಿಚ್ಚಿ ಹೇಳಿದಷ್ಟೂ ಸೆಳೆಯುತ್ತದೆ.

ಈ ಲೋಕದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ತಮಗೆ ಪ್ರಿಯವಾದ ಕಾದಂಬರಿಯ, ಸಿನಿಮಾದ, ಟೀವಿ ಸರಣಿಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ತಾವೇ ಬರೆಯುವ ಕಥೆಗಳಿಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. 1966ರಲ್ಲಿ ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಸರಣಿ ಶುರುವಾಯಿತು. ಮರುವರ್ಷವೇ ಅದರ ಅಭಿಮಾನಿಗಳು ‘ಸ್ಪಾಕನೇಲಿಯಾ’ ಎಂಬ ಪತ್ರಿಕೆ ತಂದರು. ಅಲ್ಲಿಂದಾಚೆಗೆ ಹೆಚ್ಚಾಗಿ ಹೆಂಗಸರೇ ಬರೆದು, ಪ್ರತಿ ತೆಗೆದು, ಅಂಚೆಯಲ್ಲಿ ಕಳಿಸಿ ಬೆಳೆಸಿದ ಬರವಣಿಗೆ ಇದು. 1998ರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಬಂತು. 2009ರಲ್ಲಿ ‘ಆರ್ಕೈವ್ ಆಫ್ ಅವರ್ ಓನ್’ ತೆರೆಯಿತು. ಅಭಿಮಾನಿಗಳೇ ಕಟ್ಟಿ, ಸ್ವಯಂಸೇವಕರೇ ನಡೆಸುವ, ಜಾಹೀರಾತೇ ಇಲ್ಲದ ಈ ಕಥಾಭಂಡಾರಕ್ಕೆ 2019ರಲ್ಲಿ ವೈಜ್ಞಾನಿಕ ಕಥಾಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಸಿಕ್ಕಿತು. ಇಂದು ಅದರಲ್ಲಿರುವ ಕೃತಿಗಳು ಒಂದು ಕೋಟಿ ದಾಟಿವೆ. ಅಲ್ಲಿ ಹುಡುಕುವವರ ಕಣ್ಣಿಗೆ ಪ್ರತಿ ಕಥೆಯೂ ಒಂದು ಪುಟ್ಟ ಚೌಕಟ್ಟಿನಲ್ಲಿ ಕಾಣಿಸುತ್ತದೆ: ಶೀರ್ಷಿಕೆ, ಬರೆದವರ ಹೆಸರು, ಯಾವ ಮೂಲದ ಕಥೆ, ಯಾರಿಗೆ ತಕ್ಕದ್ದು, ಯಾವ ಪಾತ್ರಗಳಿವೆ, ಒಂದಷ್ಟು ಟ್ಯಾಗ್, ಎಷ್ಟು ಪದ, ಎಷ್ಟು ಅಧ್ಯಾಯ, ಎಷ್ಟು ಮಂದಿ ಮೆಚ್ಚಿದರು. ಇವುಗಳಲ್ಲಿ ಹೆಚ್ಚಿನವು ಲೆಕ್ಕ, ಇಲ್ಲವೇ ವರ್ಗೀಕರಣ. ನಡುವೆ ಸಾರಾಂಶಕ್ಕೊಂದು ಜಾಗವಿದೆ, ಹೆಚ್ಚೆಂದರೆ 1250 ಅಕ್ಷರ. ಫ್ಯಾನ್‌ಫಿಕ್ಷನ್ ಡಾಟ್ ನೆಟ್ಟಿನಲ್ಲಿ ಅದೂ ಇಲ್ಲ, ಸಿಗುವುದು 384. ಬರೆದವರು ವಾಕ್ಯಗಳಲ್ಲಿ, ತಮ್ಮದೇ ದನಿಯಲ್ಲಿ ಓದುಗರೊಡನೆ ಮಾತಾಡಲು ಇಡೀ ಚೌಕಟ್ಟಿನಲ್ಲಿರುವ ಜಾಗ ಇಷ್ಟೇ.

ಇದನ್ನು ಬರೆಯಲು ಹಿಂಜರಿಕೆ ಯಾಕೆ ಎಂಬುದು ಅರ್ಥವಾಗುವಂಥದ್ದೇ. ಅಚ್ಚಾದ ಪುಸ್ತಕದ ಬೆನ್ನುಡಿಯನ್ನು ಸಾಮಾನ್ಯವಾಗಿ ಬೇರೆ ಯಾರೋ ಬರೆಯುತ್ತಾರೆ. ಕನ್ನಡದಲ್ಲಂತೂ ಹಿರಿಯರೊಬ್ಬರಿಂದ ಬರೆಸಿ ಹಾಕುವ ಸಂಪ್ರದಾಯವೇ ಇದೆ. ಹೊಗಳಿಕೆಯ ಹೊಣೆ ಅವರದು, ಲೇಖಕರು ತಲೆತಗ್ಗಿಸಿ ಪಕ್ಕದಲ್ಲಿ ನಿಂತರೆ ಸಾಕು. ಫ್ಯಾನ್ ಫಿಕ್ಷನ್ನಿನಲ್ಲಿ ಪ್ರಕಾಶಕರಿಲ್ಲ, ಸಂಪಾದಕರಿಲ್ಲ, ಹಿರಿಯರಿಲ್ಲ. ಬರೆದವಳೇ ತನ್ನ ಕಥೆಯ ಬಗ್ಗೆ ತಾನೇ ಹೇಳಬೇಕು. ‘ಇದೊಂದು ಮನಕಲಕುವ ಕಥೆ’ ಎಂದು ತನ್ನದನ್ನು ತಾನೇ ಬರೆದುಕೊಳ್ಳುವುದು ಯಾವ ಮರ್ಯಾದಸ್ಥರಿಗೂ ಮುಜುಗರದ ಕೆಲಸ. ಆ ಮುಜುಗರದಿಂದ ಪಾರಾಗಲು ಕೆಲವರು ಕ್ಷಮೆ ಕೇಳುತ್ತಾರೆ, ಕೆಲವರು ಸಿನಿಮಾ ಟ್ರೇಲರಿನ ಭಾಷೆಯನ್ನು ಎರವಲು ತರುತ್ತಾರೆ. ಹೊಗಳುವುದೇ ಸಾರಾಂಶದ ಕೆಲಸವಲ್ಲ ಎಂದು ತಿಳಿದರೆ ಎರಡರ ಅಗತ್ಯವೂ ಬೀಳುವುದಿಲ್ಲ. ಗೊತ್ತಿರುವ ಕಥೆಯ ಯಾವ ಜಾಗದಲ್ಲಿ ಈ ಕಥೆ ಒಳಹೊಕ್ಕಿದೆ, ಯಾರ ಕಣ್ಣಿನಿಂದ ನೋಡುತ್ತಿದೆ, ಯಾವ ದನಿಯಲ್ಲಿ ಹೇಳುತ್ತಿದೆ, ಇಷ್ಟನ್ನು ತಿಳಿಸುವುದು ಅದರ ಕೆಲಸ. ಇದರಲ್ಲಿ ಆತ್ಮಪ್ರಶಂಸೆಗೆ ಎಡೆಯೇ ಇಲ್ಲ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕಥೆಯನ್ನೇ ತೆಗೆದುಕೊಳ್ಳೋಣ. 1893ರ ಡಿಸೆಂಬರಿನಲ್ಲಿ ‘ದಿ ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತದಲ್ಲಿ ಸಾಯಿಸಿದ. 1903ರಲ್ಲಿ ಅವನನ್ನು ಬದುಕಿಸಿ ವಾಪಸು ತಂದ. ಕಥೆಯೊಳಗಿನ ಲೆಕ್ಕದಲ್ಲಿ ಈ ಗೈರು ಮೂರು ವರ್ಷದ್ದು, 1891ರಿಂದ 1894ರವರೆಗೆ. ಗೆಳೆಯ ಸತ್ತನೆಂದೇ ನಂಬಿ ಡಾಕ್ಟರ್ ವ್ಯಾಟ್ಸನ್ ಆ ಮೂರು ವರ್ಷ ಬದುಕುತ್ತಾನೆ. ಅದೇ ಅವಧಿಯಲ್ಲಿ ಹೆಂಡತಿಯನ್ನೂ ಕಳೆದುಕೊಳ್ಳುತ್ತಾನೆ, ಅದನ್ನು ಡಾಯ್ಲ್ ಒಂದು ಸೂಚನೆಯಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ. ಹೋಮ್ಸ್ ಬದುಕಿದ್ದಾನೆಂಬ ಗುಟ್ಟು ಗೊತ್ತಿದ್ದ ಒಬ್ಬನೇ ಒಬ್ಬ ನೆಂಟನೆಂದರೆ ಅವನ ಅಣ್ಣ ಮೈಕ್ರಾಫ್ಟ್. ಬೇಕರ್ ಸ್ಟ್ರೀಟಿನ ಕೋಣೆಗಳನ್ನು ಇದ್ದದ್ದು ಇದ್ದ ಹಾಗೆಯೇ ಉಳಿಸಿಕೊಂಡವನು ಅವನೇ. ಮನೆಯೊಡತಿ ಮಿಸೆಸ್ ಹಡ್ಸನ್‌ಗೆ ಏನೂ ತಿಳಿದಿರಲಿಲ್ಲ; ಸತ್ತವನು ಎದುರಿಗೆ ಬಂದು ನಿಂತಾಗ ಆಕೆ ಕಂಗೆಟ್ಟುಹೋಗುತ್ತಾಳೆ. ಈ ಮೂರು ವರ್ಷದ ಖಾಲಿ ಜಾಗ ಅಭಿಮಾನಿ ಬರಹಗಾರರಿಗೆ ನೂರು ವರ್ಷಕ್ಕೂ ಮೀರಿ ಪ್ರಿಯವಾಗಿ ಉಳಿದಿದೆ. ಯಾಕೆಂದರೆ ಮೂಲಲೇಖಕ ಅಲ್ಲಿ ದುಃಖವನ್ನು ಇಟ್ಟ, ಆದರೆ ಬಿಡಿಸಿ ಬರೆಯಲಿಲ್ಲ.

ಈಗ ಆ ಮೂರು ವರ್ಷದ ಬಗ್ಗೆ ಬರೆದ ಕಥೆಯೊಂದಕ್ಕೆ ಹೀಗೊಂದು ಸಾರಾಂಶ ಇದೆಯೆಂದು ಊಹಿಸಿ: ‘ಹೋಮ್ಸ್ ಸತ್ತಿದ್ದಾನೆ. ಅಥವಾ ಸತ್ತಿಲ್ಲವೇ? ವ್ಯಾಟ್ಸನ್‌ಗೆ ನಿಜ ತಿಳಿಯುವುದೇ? ಒಂದು ರಹಸ್ಯ, ಒಂದು ಸ್ನೇಹ, ಎಲ್ಲವನ್ನೂ ಬದಲಿಸುವ ಒಂದು ಸತ್ಯ!’ ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಬಿಗಿಯೂ ಇದೆ. ಆದರೆ ಕೇಳಿದ ಎರಡು ಪ್ರಶ್ನೆಗೂ ಉತ್ತರ 1903ರಲ್ಲೇ ಅಚ್ಚಾಗಿದೆ, ಮತ್ತು ಈ ಕಥೆಯನ್ನು ಹುಡುಕಿಕೊಂಡು ಬಂದ ಒಬ್ಬೊಬ್ಬರಿಗೂ ಆ ಉತ್ತರ ಗೊತ್ತು. ಗೊತ್ತಿದ್ದೇ ಬಂದಿದ್ದಾರೆ. ಅವರಿಗೆ ಬೇಕಾದದ್ದು ಈ ನಿರ್ದಿಷ್ಟ ಕಥೆ ಆ ಖಾಲಿ ಜಾಗದಲ್ಲಿ ಏನನ್ನು ಕಂಡಿತು ಎಂಬುದು. ಅದರ ಬಗ್ಗೆ ಸಾರಾಂಶದಲ್ಲಿ ಒಂದಕ್ಷರವೂ ಇಲ್ಲ. ಅದೇ ಮೂರು ವರ್ಷದ ಬಗ್ಗೆ ಬಂದಿರುವ ಇನ್ನಾವ ಕಥೆಗಾದರೂ ಇದೇ ಸಾಲುಗಳನ್ನು ಅಂಟಿಸಬಹುದು. ಹೀಗೆ ಅಂಟಿಸಲು ಸಾಧ್ಯವಾಗುವ ಸಾರಾಂಶ ಯಾವ ಕಥೆಯದೂ ಅಲ್ಲ.

ಇನ್ನೊಂದನ್ನು ನೋಡಿ. ಇದೂ ನಾನೇ ಈ ವಾದಕ್ಕಾಗಿ ಕಟ್ಟಿದ್ದು: ‘ಸತ್ತವನ ಕೋಣೆಯ ಬಾಡಿಗೆ ತಿಂಗಳು ತಿಂಗಳೂ ತಪ್ಪದೆ ಬರುತ್ತದೆ. ಯಾಕೆಂದು ಮಿಸೆಸ್ ಹಡ್ಸನ್ ಕೇಳುವುದಿಲ್ಲ. ಡಾಕ್ಟರ್ ವ್ಯಾಟ್ಸನ್ ಮೆಟ್ಟಿಲು ಹತ್ತಿ ಬರುವ ದಿನ ಮಾತ್ರ ಆಕೆ ಲೆಕ್ಕದ ಪುಸ್ತಕವನ್ನು ಮುಚ್ಚಿಡುತ್ತಾಳೆ.’ ಇಲ್ಲಿ ಪ್ರಶ್ನಾರ್ಥಕ ಚಿಹ್ನೆ ಒಂದೂ ಇಲ್ಲ, ಮುಚ್ಚುಮರೆಯೂ ಇಲ್ಲ. ಕಥೆ ಮನೆಯೊಡತಿಯ ಕಣ್ಣಿನಿಂದ ನಡೆಯುತ್ತದೆ ಎಂಬುದು ಮೊದಲ ಸಾಲಿನಲ್ಲೇ ತಿಳಿಯಿತು. ಮೂಲದಲ್ಲಿ ಒಂದು ವಾಕ್ಯದಲ್ಲಿ ಮುಗಿದುಹೋದ ‘ಕೋಣೆಗಳನ್ನು ಉಳಿಸಿಕೊಂಡ’ ಸಂಗತಿಯನ್ನು ಹಿಡಿದು, ಅದಕ್ಕೆ ಬಾಡಿಗೆ ಕೊಟ್ಟವರು ಯಾರು, ಪಡೆದವರು ಏನಂದುಕೊಂಡರು ಎಂಬ ಸಂದಿನಲ್ಲಿ ಈ ಕಥೆ ಒಳಹೊಕ್ಕಿದೆ. ದನಿ ತಗ್ಗಿದ್ದು, ವಾಕ್ಯ ಚಿಕ್ಕವು. ಒಳಗೂ ಹೀಗೇ ಇರುತ್ತದೆಂದು ಓದುಗರು ಊಹಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಆಕೆಗೆ ತಿಳಿಯದ್ದು ನಮಗೆ ತಿಳಿದಿದೆ. ಬಾಡಿಗೆ ಕಳಿಸುತ್ತಿರುವವನು ಯಾರೆಂದು ಹೇಳಬೇಕಾಗಿಯೇ ಇಲ್ಲ. ಗೊತ್ತಿರುವುದರಿಂದಲೇ ಎದೆಯಲ್ಲಿ ಏನೋ ಕದಲುತ್ತದೆ. ಫ್ಯಾನ್ ಫಿಕ್ಷನ್ನಿಗೆ ಮಾತ್ರ ಸಿಗುವ ಬಂಡವಾಳ ಇದು: ಓದುಗರ ಪೂರ್ವಜ್ಞಾನ. ಟ್ರೇಲರಿನ ಭಾಷೆ ಆ ಬಂಡವಾಳವನ್ನು ಪಕ್ಕಕ್ಕೆ ತಳ್ಳಿ, ಏನೂ ಅರಿಯದ ಓದುಗರನ್ನು ಕಲ್ಪಿಸಿಕೊಂಡು ಮಾತಾಡುತ್ತದೆ. ಅಂಥ ಓದುಗರು ಅಲ್ಲಿಗೆ ಬರುವುದೇ ಅಪರೂಪ.

ದನಿ ಬದಲಾದರೆ ಸಾರಾಂಶ ಹೇಗೆ ಬದಲಾಗುತ್ತದೆಂದು ನೋಡಲು ಇನ್ನೆರಡು ಮಾದರಿ ಸಾಕು. ಮೈಕ್ರಾಫ್ಟ್ ಕಾಲ ಕಳೆಯುವುದು ಡಯೋಜಿನಿಸ್ ಕ್ಲಬ್ಬಿನಲ್ಲಿ. ಅಲ್ಲಿ ಸದಸ್ಯರು ಪರಸ್ಪರ ಮಾತಾಡುವಂತಿಲ್ಲ ಎಂಬುದು ಡಾಯ್ಲ್ ಮಾಡಿದ ನಿಯಮ. ಹಾಗಾಗಿ: ‘ಮಾತೇ ನಿಷಿದ್ಧವಾದ ಕ್ಲಬ್ಬಿನಲ್ಲಿ ಗುಟ್ಟು ಕಾಪಾಡುವುದು ಸುಲಭ. ವ್ಯಾಟ್ಸನ್ ಬಾಗಿಲಲ್ಲಿ ಬಂದು ನಿಲ್ಲುವವರೆಗೆ.’ ಇದು ನಗುತ್ತ ಶುರುವಾಗಿ ನೋವಿನತ್ತ ತಿರುಗುವ ಕಥೆಯೆಂದು ಎರಡು ವಾಕ್ಯಕ್ಕೇ ತಿಳಿಯುತ್ತದೆ. ಇನ್ನೊಂದು ಮೂಲಕಥೆಯನ್ನೇ ಮುರಿದು ಬೇರೆ ದಾರಿ ಹಿಡಿಯುವಂಥದ್ದು: ‘ಹೋಮ್ಸ್ ವಾಪಸು ಬರುವುದು ಮೂರು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ. ಬಾಗಿಲು ತೆರೆಯುವವಳು ಮೇರಿ.’ ವ್ಯಾಟ್ಸನ್‌ನ ಹೆಂಡತಿಯ ಹೆಸರು ಮೇರಿ, ಮೂಲದಲ್ಲಿ ಹೋಮ್ಸ್ ಮರಳುವ ಹೊತ್ತಿಗೆ ಅವಳಿಲ್ಲ ಎಂದು ಬಲ್ಲವರಿಗೆ ಆ ಎರಡನೆಯ ವಾಕ್ಯದ ಮೂರು ಪದ ಸಾಕು. ಅರಿಯದವರಿಗೆ ಇದು ಏನೂ ಹೇಳುವುದಿಲ್ಲ, ನಿಜ. ಸಾರಾಂಶ ಎಲ್ಲರನ್ನೂ ಸೆಳೆಯಬೇಕೆಂಬ ಆಸೆಯನ್ನು ಬಿಡಬೇಕಾದದ್ದು ಇಲ್ಲಿಯೇ. ಈ ಕಥೆ ಯಾರಿಗಾಗಿ ಬರೆದದ್ದೋ ಅವರನ್ನು ಹೆಸರು ಹಿಡಿದು ಕರೆದರೆ ಸಾಕು.

ಕಥೆಯನ್ನು ಮೊದಲೇ ಹೇಳಿ ಆಮೇಲೆ ಹೇಳುವುದರಲ್ಲಿ ಕನ್ನಡದ ಓದುಗರಿಗೆ ವಿಚಿತ್ರವೇನೂ ಕಾಣಬಾರದು. ಕುಮಾರವ್ಯಾಸನ ಭಾರತದಲ್ಲಿ ಪ್ರತಿ ಸಂಧಿಯ ತಲೆಯಲ್ಲೂ ಮೂರು ಸಾಲಿನ ‘ಸೂಚನೆ’ ಇದೆ. ಮುಂದೆ ಏನು ನಡೆಯಲಿದೆ ಎಂದು ಅದು ನೇರವಾಗಿ ಹೇಳಿಬಿಡುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲೂ ಈ ಪದ್ಧತಿಯಿದೆ. ಗಮಕಿಗಳು ಸೂಚನೆ ಓದಿದ ಮೇಲೆ ‘ಕಥೆ ತಿಳಿಯಿತಲ್ಲ’ ಎಂದು ಸಭೆಯಿಂದ ಯಾರೂ ಏಳುವುದಿಲ್ಲ. ಕರ್ಣ ಸಾಯುತ್ತಾನೆಂಬುದು ಸಭೆಗೆ ಸೂಚನೆಗಿಂತ ಮೊದಲೇ ಗೊತ್ತು. ಈ ಕವಿ ಅವನನ್ನು ಹೇಗೆ ಸಾಯಿಸುತ್ತಾನೆ ಎಂದು ಕೇಳಲು ಕೂತವರು ಅವರು. ಸೂಚನೆಯ ಇನ್ನೊಂದು ಗುಣ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕಾವ್ಯ ಯಾವ ಛಂದಸ್ಸಿನಲ್ಲಿದೆಯೋ ಅದೇ ನಡೆಯ ಅರ್ಧ ಷಟ್ಪದಿ ಅದು. ಕಾವ್ಯದ ಹೊರಗೆ ನಿಂತು ಗದ್ಯದಲ್ಲಿ ಕೊಟ್ಟ ಪ್ರಕಟಣೆಯಲ್ಲ, ಕವಿಯದೇ ಉಸಿರು. ಕರಾವಳಿಯಲ್ಲಿ ತಾಳಮದ್ದಳೆಯ ಕರಪತ್ರಕ್ಕೂ ಇದೇ ತಿಳಿವಳಿಕೆಯಿದೆ. ಪ್ರಸಂಗದ ಹೆಸರು ಒಂದು ಸಾಲು. ಉಳಿದ ಜಾಗವೆಲ್ಲ ಯಾವ ಪಾತ್ರಕ್ಕೆ ಯಾರ ಅರ್ಥ ಎಂಬ ಪಟ್ಟಿ. ಕೃಷ್ಣಸಂಧಾನದಲ್ಲಿ ಸಂಧಾನವಾಗುವುದಿಲ್ಲ ಎಂಬುದನ್ನು ಮುಚ್ಚಿಡುವ ಪ್ರಯತ್ನವನ್ನು ಯಾರೂ ಮಾಡುವುದಿಲ್ಲ. ಕೌರವನ ಮಾತನ್ನು ಇಂದು ಆಡುವವರು ಯಾರು ಎಂದು ನೋಡಿ ಜನ ಹೊರಡುತ್ತಾರೆ. ವ್ಯಾಸಭಾರತಕ್ಕೂ ಹೋಮ್ಸ್ ಕಥೆಗೂ ತೂಕದಲ್ಲಿ ಅಜಗಜಾಂತರವಿರಬಹುದು. ಗೊತ್ತಿರುವ ಕಥೆಯನ್ನು ಮತ್ತೆ ಹೇಳುವಾಗ ಕೇಳುಗರನ್ನು ಕೂರಿಸುವ ಬಗೆ ಮಾತ್ರ ಎರಡು ಕಡೆಯೂ ಒಂದೇ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಸ್ಪಾಯ್ಲರಿನ ಹೆಸರಿನಲ್ಲಿ. ಮೂಲಕಥೆ ಗೊತ್ತಿರಬಹುದು, ಆದರೆ ನಾನು ಹೊಸದಾಗಿ ಹೆಣೆದ ಭಾಗ ಗೊತ್ತಿಲ್ಲವಲ್ಲ, ಅದನ್ನು ಸಾರಾಂಶದಲ್ಲೇ ಬಿಟ್ಟುಕೊಟ್ಟರೆ ಉಳಿಯುವುದೇನು ಎಂಬ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೋ ಶಾಖೆಯ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬ ಇಬ್ಬರು ಮನೋವಿಜ್ಞಾನಿಗಳು ಸಣ್ಣಕಥೆಗಳನ್ನು ಓದಿಸಿ ನೋಡಿದಾಗ, ಅಂತ್ಯವನ್ನು ಮೊದಲೇ ತಿಳಿದವರಿಗೆ ಕಥೆ ಹೆಚ್ಚು ಹಿಡಿಸಿತ್ತು, ಕೊನೆಯಲ್ಲಿ ತಿರುವಿರುವ ಕಥೆ ಕೂಡ. ನಂತರ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಇದಕ್ಕೆ ತದ್ವಿರುದ್ಧ ಫಲಿತಾಂಶವೂ ಬಂದಿದೆ. ಆದ್ದರಿಂದ ಅದನ್ನು ಬ್ರಹ್ಮಾಸ್ತ್ರವೆಂದು ನಾನು ಎತ್ತಿಕೊಳ್ಳುವುದಿಲ್ಲ. ನನ್ನ ಉತ್ತರ ಬೇರೆ. ಕಥೆ ಎಲ್ಲಿಂದ ಹೊರಡುತ್ತದೆ ಎಂಬುದು ಒಂದು, ಎಲ್ಲಿ ಮುಟ್ಟುತ್ತದೆ ಎಂಬುದು ಇನ್ನೊಂದು. ಮೇರಿ ಬಾಗಿಲು ತೆರೆದಳು ಎಂದು ಹೇಳಿದ್ದರಿಂದ ಆಮೇಲೆ ಆ ಮನೆಯಲ್ಲಿ ಏನಾಯಿತು ಎಂಬುದು ಬಯಲಾಗಲಿಲ್ಲ. ಹೊರಡುವ ಜಾಗವನ್ನು ಪೂರ್ತಿ ಹೇಳಿ, ಮುಟ್ಟುವ ಜಾಗವನ್ನು ಹೇಳದೆ ಉಳಿಸಿಕೊಳ್ಳಬಹುದು. ಕಥೆಯ ಮೊದಲ ಅಧ್ಯಾಯದಲ್ಲೇ ನಡೆದುಹೋಗುವ ಸಂಗತಿಯನ್ನೂ ಗುಟ್ಟೆಂದು ಭಾವಿಸಿ ಬಿಗಿಹಿಡಿದುಕೊಳ್ಳುವುದರಿಂದಲೇ ಸಾರಾಂಶಗಳು ಬಡವಾಗುತ್ತವೆ.

ಅಂತ್ಯವನ್ನು ಮುಚ್ಚಿಡಲು ಬೇಕಾದ ಏರ್ಪಾಡನ್ನು ಈ ಸಮುದಾಯ ಬಹಳ ಯೋಚಿಸಿ ಮಾಡಿಕೊಂಡಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ಆರ್ಕೈವಿನಲ್ಲಿ ಕಥೆ ಹಾಕುವಾಗ ಮುಖ್ಯ ಪಾತ್ರದ ಸಾವು, ಭೀಕರ ಹಿಂಸೆ, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ ಇವಿದ್ದರೆ ಎಚ್ಚರಿಕೆ ಹಾಕುವ ಕ್ರಮವಿದೆ. ಜೊತೆಗೆ, ‘ಎಚ್ಚರಿಕೆ ಹಾಕದಿರಲು ಲೇಖಕರು ನಿರ್ಧರಿಸಿದ್ದಾರೆ’ ಎಂಬ ಆಯ್ಕೆಯೂ ಇದೆ. ಯಾರಾದರೂ ಸಾಯುತ್ತಾರೋ ಇಲ್ಲವೋ ಹೇಳಲೊಲ್ಲದವರು ಅದನ್ನು ಆರಿಸಬಹುದು. ಏನು ಬೇಕಾದರೂ ನಡೆಯಬಹುದೆಂದು ಅರಿತೇ ಓದುಗರು ಒಳಬರುತ್ತಾರೆ. ಬಚ್ಚಿಡುವುದಕ್ಕೂ ಒಂದು ಪ್ರಾಮಾಣಿಕ ದಾರಿ ಇದ್ದಂತಾಯಿತು. ಸಾರಾಂಶವನ್ನು ಮೋಸಕ್ಕೆ ಬಳಸುವುದು ಇದಕ್ಕೆ ತೀರ ಬೇರೆ. ಲಘುವಾದ ನಾಲ್ಕು ಸಾಲು ಬರೆದು, ಒಳಗೆ ಎದೆ ಒಡೆಯುವಂಥದ್ದನ್ನು ಇಟ್ಟರೆ, ದಿನದ ಆಯಾಸ ಕಳೆಯಲು ಬಂದ ಓದುಗಳಿಗೆ ಅನ್ಯಾಯವಾಗುತ್ತದೆ. ಅಂಥ ಸಾರಾಂಶ ಸೆಳೆಯುತ್ತದೆ, ಸಂಶಯವಿಲ್ಲ. ಸೆಳೆದು ತಂದವರನ್ನು ಮೂರನೆಯ ಅಧ್ಯಾಯದಲ್ಲಿ ಕಳೆದುಕೊಳ್ಳುತ್ತದೆ, ಮತ್ತೆ ಅವರು ಆ ಹೆಸರಿನತ್ತ ತಿರುಗುವುದಿಲ್ಲ.

ಎರಡನೆಯ ಆಕ್ಷೇಪ ಟ್ಯಾಗ್‌ಗಳದ್ದು. ಯಾವ ಪಾತ್ರ, ಯಾವ ಸಂಬಂಧ, ಸುಖಾಂತವೋ ದುಃಖವೋ, ಮೂಲದಿಂದ ಎಲ್ಲಿ ಬೇರ್ಪಡುತ್ತದೆ ಎಂದು ಟ್ಯಾಗ್‌ಗಳೇ ಹೇಳಿಬಿಡುವಾಗ ಸಾರಾಂಶ ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಈ ಮಾತಿನ ಹಿಂದೆ ಇತಿಹಾಸವಿದೆ. 1990ರ ದಶಕದಲ್ಲಿ ಯೂಸ್‌ನೆಟ್ ಎಂಬ ಜಾಲದಲ್ಲಿ ‘ದಿ ಎಕ್ಸ್ ಫೈಲ್ಸ್’ ಅಭಿಮಾನಿಗಳು ಕಥೆ ಹಂಚಿಕೊಳ್ಳುವಾಗ ಮೇಲ್ಭಾಗದಲ್ಲಿ ಒಂದು ತಲೆಪಟ್ಟಿ ಬರೆಯುತ್ತಿದ್ದರು: ಶೀರ್ಷಿಕೆ, ವರ್ಗ, ಸ್ಪಾಯ್ಲರ್, ಸಾರಾಂಶ ಹೀಗೆ. ವರ್ಗವನ್ನು ಒಂದೊಂದೇ ಅಕ್ಷರದ ಸಂಕೇತದಲ್ಲಿ ಸೂಚಿಸುತ್ತಿದ್ದರು. ಅಲ್ಲಿ ಸ್ಪಾಯ್ಲರ್ ಎಂಬ ಸಾಲು ಎಚ್ಚರಿಸುತ್ತಿದ್ದದ್ದು ಟೀವಿ ಸರಣಿಯ ಯಾವ ಕಂತುಗಳ ಸಂಗತಿ ಕಥೆಯಲ್ಲಿ ಬಯಲಾಗುತ್ತದೆ ಎಂಬುದರ ಬಗ್ಗೆ. ಕಥೆಯದೇ ಗುಟ್ಟಿನ ಬಗ್ಗೆ ಆಗ ಯಾರೂ ಅಷ್ಟು ತಲೆಕೆಡಿಸಿಕೊಂಡಂತಿಲ್ಲ. ಆ ತಲೆಪಟ್ಟಿಯೇ ಬೆಳೆದು ಇಂದಿನ ಟ್ಯಾಗ್ ವ್ಯವಸ್ಥೆಯಾಗಿದೆ. ಆರ್ಕೈವಿನಲ್ಲಿ ಬರೆಯುವವರು ತಮಗೆ ತೋಚಿದ ಮಾತಿನಲ್ಲಿ ಟ್ಯಾಗ್ ಹಾಕುತ್ತಾರೆ, ಒಂದೇ ಅರ್ಥದ ಬೇರೆ ಬೇರೆ ಟ್ಯಾಗ್‌ಗಳನ್ನು ಸ್ವಯಂಸೇವಕರು ಕೂತು ಒಂದಕ್ಕೊಂದು ಜೋಡಿಸುತ್ತಾರೆ. ಇಷ್ಟು ದೊಡ್ಡ ಭಂಡಾರದಲ್ಲಿ ಬೇಕಾದದ್ದು ಸಿಗುವುದು ಅವರ ದುಡಿಮೆಯಿಂದಲೇ. ಆದರೂ ಟ್ಯಾಗ್ ಎಂಬುದು ಅಡುಗೆಗೆ ಏನೇನು ಬಿದ್ದಿದೆ ಎಂದು ಹೇಳುವ ಚೀಟಿ. ಬೇಳೆ, ಹುಣಸೆ, ಬೆಲ್ಲ ಎಂದು ಓದಿದ ಮಾತ್ರಕ್ಕೆ ಸಾರಿನ ರುಚಿ ನಾಲಿಗೆಗೆ ಬರುವುದಿಲ್ಲ. ‘ದುಃಖ’, ‘ಮಿಸೆಸ್ ಹಡ್ಸನ್’, ‘ಮೂರು ವರ್ಷದ ಗೈರು’ ಎಂಬ ಟ್ಯಾಗ್‌ಗಳು ಹತ್ತು ಕಥೆಗಳಿಗೆ ಸಮಾನವಾಗಿರಬಹುದು. ಲೆಕ್ಕದ ಪುಸ್ತಕ ಮುಚ್ಚಿಟ್ಟ ಮಿಸೆಸ್ ಹಡ್ಸನ್ ಒಂದೇ ಕಥೆಯಲ್ಲಿದ್ದಾಳೆ.

ಟ್ಯಾಗ್‌ಗಳು ಇಷ್ಟು ಕೆಲಸ ಮಾಡುವುದರಿಂದ ಸಾರಾಂಶಕ್ಕೆ ಸಿಕ್ಕ ಲಾಭ ದೊಡ್ಡದು. 384 ಅಕ್ಷರದೊಳಗೆ ಎಲ್ಲವನ್ನೂ ತುರುಕಬೇಕಾಗಿದ್ದಲ್ಲಿ ಅರ್ಧ ಜಾಗ ಜೋಡಿಗಳ ಹೆಸರಿಗೂ ಎಚ್ಚರಿಕೆಗಳಿಗೂ ‘ಇದು ಮೂಲಕ್ಕಿಂತ ಬೇರೆ’ ಎಂಬ ಸಂಕ್ಷೇಪಾಕ್ಷರಗಳಿಗೂ ಹೋಗಿಬಿಡುತ್ತಿತ್ತು. ಆ ಹೊರೆಯನ್ನು ಟ್ಯಾಗ್ ಹೊತ್ತ ಮೇಲೆ ಸಾರಾಂಶ ಬರೀ ದನಿಯಾಗಿ ಉಳಿಯಬಹುದು. ಹಾಗಿದ್ದೂ ಅನೇಕರು ಹಳೆಯ ಅಭ್ಯಾಸದಂತೆ ಟ್ಯಾಗ್‌ನಲ್ಲಿರುವುದನ್ನೇ ಮತ್ತೆ ಸಾರಾಂಶದಲ್ಲಿ ಬರೆಯುತ್ತಾರೆ, ಮೇಲೆ ‘ಇದು ನನ್ನ ಮೊದಲ ಕಥೆ, ಬೈಯಬೇಡಿ’ ಎಂದೂ ಸೇರಿಸುತ್ತಾರೆ. ಅಂಥ ಮಾತು ಕಥೆಯ ಮೊದಲೋ ಕೊನೆಯಲ್ಲೋ ಇರುವ ಟಿಪ್ಪಣಿಯಲ್ಲಿ ಇರಲಿ. ಅದಕ್ಕೆಂದೇ ಬೇರೆ ಜಾಗ ಕೊಟ್ಟಿದ್ದಾರೆ.

ಕಥೆಯಿಂದಲೇ ಒಂದು ತುಣುಕನ್ನು ಕತ್ತರಿಸಿ ಸಾರಾಂಶದ ಜಾಗದಲ್ಲಿ ಇಡುವವರಿದ್ದಾರೆ. ಸಾರಾಂಶವೂ ಕಥೆಯ ದನಿಯಲ್ಲೇ ಇರಬೇಕೆನ್ನುವ ನನ್ನಂಥವರಿಗೆ ಇದು ಆದರ್ಶವೆಂದು ಕಾಣಬೇಕಿತ್ತು. ಎಷ್ಟೋ ಸಲ ಹಾಗೆ ಕಾಣುತ್ತದೆ ಕೂಡ. ಒಳ್ಳೆಯ ಸಂಭಾಷಣೆಯ ಎರಡು ಸಾಲು ಮಾಡುವ ಕೆಲಸವನ್ನು ಹತ್ತು ಸಾಲಿನ ವಿವರಣೆ ಮಾಡಲಾರದು. ತೊಡಕಿರುವುದು ತುಣುಕನ್ನು ಆರಿಸುವುದರಲ್ಲಿ. ಬರೆದವರಿಗೆ ಯಾವ ಸಾಲು ಅತಿ ಪ್ರಿಯವೋ ಅದನ್ನು ತೆಗೆದಿಡುತ್ತಾರೆ, ಅದು ಸಾಮಾನ್ಯವಾಗಿ ಕಥೆಯ ಉತ್ಕಟ ಕ್ಷಣದ ಸಾಲಾಗಿರುತ್ತದೆ. ‘“ನೀನು ಹೋಗಬಾರದಿತ್ತು,” ಅವನು ಪಿಸುಗುಟ್ಟಿದ’ ಎಂಬುದು ಇಪ್ಪತ್ತು ಅಧ್ಯಾಯ ದಾಟಿ ಬಂದವರಿಗೆ ಕಣ್ಣೀರು ತರಿಸಬಹುದು. ಹೊರಗೆ ನಿಂತವರಿಗೆ ಅವನು ಯಾರು, ಹೋದವನು ಯಾರು ಎಂದೂ ತಿಳಿಯುವುದಿಲ್ಲ. ಆ ಭಾರ ಹೊರಲು ಬೇಕಾದದ್ದು ಅದರ ಹಿಂದೆ ಇನ್ನೂ ಕಟ್ಟಿಯೇ ಇಲ್ಲ. ಆದ್ದರಿಂದ ತುಣುಕು ಇಡುವುದಾದರೆ ಕಥೆ ಮೂಲದಿಂದ ಬೇರ್ಪಡುವ ಜಾಗದ ತುಣುಕು ಇಡಬೇಕು, ಇಲ್ಲವೇ ತುಣುಕಿನ ಕೆಳಗೆ ಒಂದು ಸಾಲು ನೇರವಾಗಿ ಹೇಳಬೇಕು. ತುಣುಕು ದನಿ ಕೊಡುತ್ತದೆ, ಕೆಳಗಿನ ಸಾಲು ದಾರಿ ತೋರಿಸುತ್ತದೆ. ನನ್ನ ಮಟ್ಟಿಗೆ ಈ ಎರಡರ ಜೋಡಣೆಯೇ ಎಲ್ಲಕ್ಕಿಂತ ಬಲವಾದ ರೂಪ.

ಇನ್ನೂ ಒಂದು ಆಕ್ಷೇಪವಿದೆ, ಅದು ಇವೆಲ್ಲಕ್ಕಿಂತ ಆಳದ್ದು. ಫ್ಯಾನ್ ಫಿಕ್ಷನ್ ಉಡುಗೊರೆ. ಅದನ್ನು ಮಾರುವುದಿಲ್ಲ, ಆರ್ಕೈವ್ ವ್ಯಾಪಾರಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಪ್ರೀತಿಯಿಂದ ಬರೆದು ಇಟ್ಟಿದ್ದೇವೆ, ಬೇಕಾದವರು ಓದುತ್ತಾರೆ, ಸೆಳೆಯುವ ಕಸರತ್ತು ಮಾರುಕಟ್ಟೆಯ ರೋಗವನ್ನು ಇಲ್ಲಿಗೂ ತರುವುದಲ್ಲವೇ? ಈ ಮಾತಿನ ಹಿಂದಿರುವ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಎಷ್ಟು ಜನ ಮೆಚ್ಚಿದರು ಎಂಬ ಅಂಕಿಯನ್ನೇ ನೋಡುತ್ತ ಕೂರುವುದರಿಂದ ಬರೆಯುವ ಸಂತೋಷ ಸವೆದುಹೋಗುತ್ತದೆ ಎಂಬುದೂ ನಿಜ. ಆದರೆ ದುಡ್ಡು ಕೇಳದ ಕಥೆಯೂ ಒಂದನ್ನು ಕೇಳುತ್ತದೆ: ಹೊತ್ತು. ಚೌಕಟ್ಟಿನ ಮೂಲೆಯಲ್ಲಿ ಮೂರು ಲಕ್ಷ ಪದ ಎಂದು ಬರೆದಿದ್ದರೆ ಅದು ಓದುಗಳ ಎಷ್ಟೋ ಸಂಜೆಗಳ ಲೆಕ್ಕ. ಅವಳು ಅಡುಗೆಮನೆ ಮುಗಿಸಿ, ಮಕ್ಕಳನ್ನು ಮಲಗಿಸಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದು ಆ ಹೊತ್ತನ್ನು ಕೊಡುತ್ತಾಳೆ. ಲಕ್ಷಗಟ್ಟಲೆ ಕಥೆಗಳಿರುವ ಹ್ಯಾರಿ ಪಾಟರ್‌ನಂಥ ಮೂಲದಲ್ಲಿ ಇಂದು ರಾತ್ರಿ ಯಾವುದನ್ನು ತೆರೆಯಬೇಕು ಎಂದು ಆರಿಸುವವಳಿಗೆ, ಈ ಕಥೆ ನಿನ್ನದು ಹೌದೋ ಅಲ್ಲವೋ ಎಂದು ತಿಳಿಸುವುದು ಮಾರಾಟವಾಗುವುದಿಲ್ಲ, ಉಪಚಾರವಾಗುತ್ತದೆ. ಇದು ನಿನಗಲ್ಲ ಎಂದು ಸ್ಪಷ್ಟವಾಗಿ ತಿಳಿಸಿ ಕೆಲವರನ್ನು ಮುಂದೆ ಕಳಿಸುವುದೂ ಆ ಉಪಚಾರದಲ್ಲಿ ಸೇರಿದೆ. ಮಾರುಕಟ್ಟೆಯ ಸಾರಾಂಶ ಇದನ್ನು ಎಂದೂ ಮಾಡಲಾರದು, ಯಾಕೆಂದರೆ ಅದಕ್ಕೆ ಪ್ರತಿಯೊಬ್ಬರೂ ಗಿರಾಕಿ. ಉಡುಗೊರೆಯ ಲೋಕದಲ್ಲಿ ಆ ಸ್ವಾತಂತ್ರ್ಯವಿದೆ, ಅದನ್ನು ಬಳಸಿಕೊಳ್ಳದಿರುವುದು ನಷ್ಟ.

ಉಳಿದ ಕಷ್ಟ ಒಂದೇ, ಅದು ಧಾರಾವಾಹಿಗಳದ್ದು. ಹೆಚ್ಚಿನ ಉದ್ದ ಕಥೆಗಳು ಅಧ್ಯಾಯ ಅಧ್ಯಾಯವಾಗಿ ಹೊರಬರುತ್ತವೆ. ಒಟ್ಟು ಎಷ್ಟು ಅಧ್ಯಾಯ ಎಂಬಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಸಾರಾಂಶ ಬರೆಯಬೇಕಾದದ್ದು ಮೊದಲ ಅಧ್ಯಾಯ ಹಾಕುವ ದಿನ, ಕಥೆ ಎತ್ತ ಹೋಗುತ್ತದೆಂದು ಬರೆಯುವವರಿಗೇ ಪೂರ್ತಿ ತಿಳಿಯದ ಹೊತ್ತಿನಲ್ಲಿ. ಆಗ ಹೊರಡುವ ಜಾಗವನ್ನಷ್ಟೇ ಹೇಳಿದವರು ಗೆಲ್ಲುತ್ತಾರೆ. ಮಹಾಯುದ್ಧ, ಮಹಾಪ್ರೇಮ ಎಂದೆಲ್ಲ ಮಾತು ಕೊಟ್ಟವರು ಹತ್ತನೆಯ ಅಧ್ಯಾಯದಲ್ಲಿ ಆ ಮಾತಿಗೆ ಸಿಕ್ಕಿಬೀಳುತ್ತಾರೆ. ಅಚ್ಚಾದ ಪುಸ್ತಕದ ಬೆನ್ನುಡಿ ಒಮ್ಮೆ ಅಚ್ಚಾದರೆ ಮುಗಿಯಿತು. ಇಲ್ಲಿ ಸಾರಾಂಶವನ್ನು ಯಾವಾಗ ಬೇಕಾದರೂ ತಿದ್ದಬಹುದು, ಆದರೂ ಕಥೆ ಮುಗಿದ ಮೇಲೆ ಹಿಂದಿರುಗಿ ತಿದ್ದುವವರು ಕಡಿಮೆ. ತಿದ್ದಲು ಕೂತವರಿಗೆ ಸಹಾಯವೂ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಆರ್ಕೈವಿನಲ್ಲಿ ಓದುಗರು ತಮಗೆ ಬೇಕಾದ ಕಥೆಯನ್ನು ಬುಕ್‌ಮಾರ್ಕ್ ಮಾಡಿ, ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದಿಟ್ಟುಕೊಳ್ಳಬಹುದು; ಬೇಕೆಂದರೆ ಅದನ್ನು ಎಲ್ಲರೂ ಓದುವಂತೆಯೂ ಇಡಬಹುದು. ಆ ಟಿಪ್ಪಣಿಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಿರುವುದಿಲ್ಲ, ಕ್ಷಮೆಯೂ ಇರುವುದಿಲ್ಲ. ‘ಮಿಸೆಸ್ ಹಡ್ಸನ್ ಬಾಡಿಗೆ ತಗೊಳ್ತಾ ಇರ್ತಾಳಲ್ಲ, ಆ ಕಥೆ’ ಎಂಬ ಧಾಟಿಯಲ್ಲಿರುತ್ತವೆ. ಗೆಳತಿಗೆ ಹೇಳುವಾಗ, ಆರು ತಿಂಗಳ ಮೇಲೆ ತಾನೇ ಮತ್ತೆ ಹುಡುಕುವಾಗ ಓದುಗಳಿಗೆ ನೆನಪಾಗುವ ಕಥೆಯ ಗುರುತು ಅದು. ಬರೆದವಳು ಅವುಗಳನ್ನು ಒಮ್ಮೆ ಓದಿ ನೋಡಲಿ. ತನಗೆ ಸಿಗದೆ ಹೋದ ಸಾಲು ಅಲ್ಲಿ ಯಾರೋ ಆಗಲೇ ಬರೆದಿಟ್ಟಿದ್ದರೆ, ಅವರನ್ನು ಕೇಳಿ, ಟಿಪ್ಪಣಿಯಲ್ಲಿ ವಂದಿಸಿ, ತನ್ನ ಶೀರ್ಷಿಕೆಯ ಕೆಳಗೆ ತಂದಿಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ.